ಮಕ್ಕಳೊಡನೆ ಸಮುದ್ರಯಾನ: ವರ್ತಕ ಕುಟುಂಬಗಳು ಹೊರಡುವ ಮುನ್ನ

ವರ್ಷದಲ್ಲಿ ನಾಲ್ಕಾರು ಹಬ್ಬಗಳಂದು ಬಿಟ್ಟರೆ ಅಂಗಡಿಯ ಬಾಗಿಲು ಎಳೆಯದ ಜೀವನ ನಮ್ಮ ಬಹುಪಾಲು ವರ್ತಕ ಬಂಧುಗಳದು. ಜಯನಗರ 4ನೇ ಬ್ಲಾಕಿನ ವಾಣಿಜ್ಯ ಸಂಕೀರ್ಣದ ಸುತ್ತಲಿನ ಮಳಿಗೆಗಳಾಗಲಿ, ಜೆ.ಪಿ. ನಗರದ ಸಾರಕ್ಕಿ ಕೈಗಾರಿಕಾ ಬಡಾವಣೆಯ ಸಣ್ಣ ಘಟಕಗಳಾಗಲಿ, ಮಾಲೀಕನು ಎದುರು ನಿಂತರಷ್ಟೇ ನಡೆಯುವಂಥವು. ಮಕ್ಕಳು ಮಲಗಿದ ಮೇಲೆ ಮನೆ ಸೇರುವುದು, ಅವರು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಎರಡು ಮಾತನಾಡುವುದು, ಇಷ್ಟರಲ್ಲೇ ಅವರ ಬಾಲ್ಯ ಕಳೆದುಹೋಗುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ನಾಲ್ಕು ದಿನಗಳ ಬಿಡುವು ಮಾಡಿಕೊಂಡಾಗ ಅದು ವ್ಯರ್ಥವಾಗಬಾರದು.

ಇಂತಹ ಬಿಡುವಿಗಾಗಿ ಇತ್ತೀಚಿನ ವರ್ಷಗಳಲ್ಲಿ ದಕ್ಷಿಣ ಬೆಂಗಳೂರಿನ ಹಲವು ಕುಟುಂಬಗಳು ವಿಹಾರ ನೌಕೆಯ ಪ್ರವಾಸವನ್ನು, ಅಂದರೆ ಕ್ರೂಸನ್ನು, ಆರಿಸಿಕೊಳ್ಳುತ್ತಿವೆ. ದಿನಕ್ಕೊಂದು ಊರು, ಊರಿಗೊಂದು ಹೋಟೆಲು ಎಂದು ಸಾಮಾನು ಕಟ್ಟಿ ಬಿಚ್ಚುವ ತೊಂದರೆ ಇಲ್ಲಿಲ್ಲ. ಕೊಠಡಿ ಒಂದೇ, ಊಟ, ಆಟ, ವಿಶ್ರಾಂತಿ ಎಲ್ಲವೂ ಅಲ್ಲಿಯೇ. ಅಜ್ಜ ಅಜ್ಜಿಯರನ್ನೂ ಕರೆದೊಯ್ಯಬಹುದು. ಆದರೆ ಎಳೆಯ ಮಕ್ಕಳೊಡನೆ ಹೊರಡುವವರು ಕೆಲವು ಸಂಗತಿಗಳನ್ನು ಮುಂಚಿತವಾಗಿ ಅರಿತಿರುವುದು ಅವಶ್ಯ.

ಸಮುದ್ರವಿಲ್ಲದ ಊರಿನಿಂದ

ಭಾರತದಲ್ಲಿ ಈ ಉದ್ಯಮ ಏಳುಬೀಳುಗಳನ್ನು ಕಂಡಿದೆ. 2005ರಲ್ಲಿ ಸ್ಟಾರ್ ಕ್ರೂಸಸ್ ಸಂಸ್ಥೆಯ ‘ಸೂಪರ್‌ಸ್ಟಾರ್ ಲಿಬ್ರಾ’ ಮುಂಬಯಿಯಿಂದ ಯಾನ ಆರಂಭಿಸಿತ್ತು. ಅದು ಬಹುಕಾಲ ಉಳಿಯಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೀಲಿಯಾ ಸಂಸ್ಥೆಯ ‘ಎಂಪ್ರೆಸ್’ ನೌಕೆ ಮುಂಬಯಿಯಿಂದ ಹೊರಟಿತು. 2022ರ ಜೂನ್‌ನಲ್ಲಿ ಚೆನ್ನೈನಿಂದಲೂ, 2023ರ ಜೂನ್‌ನಲ್ಲಿ ಚೆನ್ನೈನಿಂದ ಶ್ರೀಲಂಕಾದ ಹಂಬನ್‌ತೋಟಕ್ಕೂ ಯಾನಗಳು ಆರಂಭವಾದವು. ಕೇಂದ್ರ ಸರ್ಕಾರವು 2024ರ ಸೆಪ್ಟೆಂಬರ್ 30ರಂದು ‘ಕ್ರೂಸ್ ಭಾರತ್ ಮಿಷನ್’ ಯೋಜನೆಗೆ ಚಾಲನೆ ನೀಡಿ, 2029ರೊಳಗೆ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಗುರಿ ಇಟ್ಟುಕೊಂಡಿದೆ.

ನಮ್ಮ ರಾಜ್ಯದ ಪಣಂಬೂರಿನಲ್ಲಿರುವ ನವಮಂಗಳೂರು ಬಂದರಿಗೂ ವಿದೇಶಿ ವಿಹಾರ ನೌಕೆಗಳು ಬಂದುಹೋಗುತ್ತವೆ. ಅವುಗಳಿಂದ ಇಳಿದವರು ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಗೋಡಂಬಿ ಕಾರ್ಖಾನೆ ಇವನ್ನೆಲ್ಲ ನೋಡಿ ಸಂಜೆಗೆ ಹಡಗು ಸೇರುತ್ತಾರೆ. ಆದರೆ ಹಡಗು ಹತ್ತಬೇಕೆನ್ನುವ ಬೆಂಗಳೂರಿನ ಕುಟುಂಬಗಳು ಸಾಮಾನ್ಯವಾಗಿ ಚೆನ್ನೈ, ಮುಂಬಯಿ ಅಥವಾ ಸಿಂಗಪುರಕ್ಕೆ ಹೋಗಬೇಕಾಗುತ್ತದೆ. ಚೆನ್ನೈ ಸುಮಾರು 350 ಕಿ.ಮೀ. ದೂರದಲ್ಲಿದ್ದು, ರೈಲಿನಲ್ಲಿ ಹೋಗಬಹುದಾದುದರಿಂದ ಚಿಕ್ಕ ಮಕ್ಕಳಿಗೆ ಅನುಕೂಲ. ಹಡಗು ಹೊರಡುವ ದಿನವೇ ಬಂದರು ತಲುಪುವ ಸಾಹಸ ಬೇಡ. ಹಿಂದಿನ ದಿನವೇ ಹೋಗಿ ತಂಗುವುದು ಕ್ಷೇಮ. ತಡವಾಗಿ ಬಂದವರಿಗಾಗಿ ಹಡಗು ಕಾಯುವುದಿಲ್ಲ.

ಕಾಲವನ್ನೂ ನೋಡಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಮುಂಗಾರಿನಿಂದ ಪ್ರಕ್ಷುಬ್ಧವಾಗಿರುತ್ತದೆ. ಬಂಗಾಳ ಕೊಲ್ಲಿಯಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಚಂಡಮಾರುತದ ಭಯವುಂಟು.

ಮುಂಗಡ ಹಣದ ಪಾಠ

ವ್ಯಾಪಾರಿಗಳಾದ ನಮಗೆ ಮುಂಗಡದ ಅಪಾಯವನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. 2019ರಲ್ಲಿ ಮುಂಬಯಿಯಿಂದ ‘ಕರ್ಣಿಕಾ’ ನೌಕೆ ನಡೆಸಿದ ಜಲೇಶ್ ಕ್ರೂಸಸ್ 2020ರಲ್ಲಿ ಕೊರೋನಾ ಹೊಡೆತಕ್ಕೆ ಸಿಕ್ಕಿ ಮುಚ್ಚಿತು. ಏಷ್ಯಾದ ದೊಡ್ಡ ಸಂಸ್ಥೆಯಾಗಿದ್ದ ಗೆಂಟಿಂಗ್ ಹಾಂಗ್‌ಕಾಂಗ್ 2022ರ ಜನವರಿಯಲ್ಲಿ ದಿವಾಳಿಯಂಚಿಗೆ ಬಂದು ಸಮಾಪನೆಗೆ ಅರ್ಜಿ ಹಾಕಿತು. ಆದ್ದರಿಂದ ಪೂರ್ಣ ಹಣವನ್ನು ಬಹಳ ಮೊದಲೇ ಕಟ್ಟದಿರುವುದು, ರದ್ದತಿಯ ಷರತ್ತನ್ನು ಲಿಖಿತವಾಗಿ ಪಡೆಯುವುದು, ರಸೀದಿ ಹಡಗು ಸಂಸ್ಥೆಯದೋ ಮಧ್ಯವರ್ತಿಯದೋ ಎಂದು ನೋಡಿಕೊಳ್ಳುವುದು ವಿವೇಕ.

ಜಾಹೀರಾತಿನ ದರ ಸಾಮಾನ್ಯವಾಗಿ ಇಬ್ಬರು ಹಂಚಿಕೊಳ್ಳುವ ಕೊಠಡಿಯಲ್ಲಿ ತಲಾ ಒಬ್ಬರದು. ಬಂದರು ಶುಲ್ಕ, ಸೇವಾ ಶುಲ್ಕ, ತೆರಿಗೆ ಇವು ಪ್ರತ್ಯೇಕವಾಗಿರಬಹುದು. ‘ಮಕ್ಕಳಿಗೆ ಉಚಿತ’ ಎಂದಿದ್ದರೂ ಬಂದರು ಶುಲ್ಕ ಮಕ್ಕಳಿಗೂ ತಗಲಬಹುದು. ವಿದೇಶ ಪ್ರವಾಸದ ಪ್ಯಾಕೇಜಿಗೆ 2020ರ ಅಕ್ಟೋಬರ್ 1ರಿಂದ ಟಿಸಿಎಸ್ ಅನ್ವಯವಾಗಿದೆ. ಅದರ ದರ ಹಲವು ಬಾರಿ ಬದಲಾಗಿರುವುದರಿಂದ ಲೆಕ್ಕಪರಿಶೋಧಕರನ್ನು ಕೇಳಿ. ಕಟ್ಟಿದ ಮೊತ್ತವನ್ನು ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಕುಟುಂಬದ ವಿಹಾರವನ್ನು ಫರ್ಮಿನ ಖರ್ಚಿಗೆ ಬರೆದು ಜಿಎಸ್‌ಟಿ ಜಮೆ ಪಡೆಯುವ ಆಸೆ ಮಾತ್ರ ಬೇಡ. ಅದು ಸ್ವಂತ ಖರ್ಚು, ಕಾನೂನಿನಲ್ಲಿ ಅವಕಾಶವಿಲ್ಲ.

ವಯಸ್ಸು, ದಾಖಲೆ, ಆಹಾರ

ಬಹುತೇಕ ಸಂಸ್ಥೆಗಳು 6 ತಿಂಗಳಿಗಿಂತ ಚಿಕ್ಕ ಶಿಶುಗಳನ್ನು ಹತ್ತಿಸಿಕೊಳ್ಳುವುದಿಲ್ಲ. ದೀರ್ಘ ಯಾನಗಳಿಗೆ 12 ತಿಂಗಳಾಗಿರಬೇಕೆನ್ನುತ್ತವೆ. 24 ವಾರ ತುಂಬಿದ ಗರ್ಭಿಣಿಯರಿಗೂ ಸಾಮಾನ್ಯವಾಗಿ ಅವಕಾಶವಿಲ್ಲ. ಮಕ್ಕಳ ಆಟದ ಕೊಠಡಿಗೆ ಸಾಮಾನ್ಯವಾಗಿ 3 ವರ್ಷ ತುಂಬಿ, ಡಯಾಪರ್ ಬಿಟ್ಟಿರಬೇಕು. ಡಯಾಪರ್ ಹಾಕಿದ ಮಕ್ಕಳನ್ನು ಈಜುಕೊಳಕ್ಕೆ ಬಿಡುವುದಿಲ್ಲ. ಇವನ್ನು ಹಡಗಿನಲ್ಲಿ ತಿಳಿದು ನಿರಾಶರಾಗುವುದಕ್ಕಿಂತ ಟಿಕೆಟ್ ಕೊಳ್ಳುವ ಮೊದಲೇ ಕೇಳುವುದು ಲೇಸು.

ಚಿಕ್ಕ ಮಕ್ಕಳ ಪಾಸ್‌ಪೋರ್ಟಿನ ಅವಧಿ ಐದೇ ವರ್ಷ. ಹೊರಡುವ ದಿನಕ್ಕೆ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕೆಂದು ಅನೇಕ ದೇಶಗಳು ಕೇಳುತ್ತವೆ. ಸಿಂಗಪುರದಿಂದ ಹೊರಟು ಬೇರೆ ದೇಶ ಮುಟ್ಟಿ ಮತ್ತೆ ಸಿಂಗಪುರಕ್ಕೇ ಬರುವ ಯಾನವಾದರೆ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಿಸಬಹುದಾದ ವೀಸಾ ಇರಬೇಕು.

ಕೆಟಲ್, ವಿದ್ಯುತ್ ಒಲೆ, ಇಸ್ತ್ರಿಪೆಟ್ಟಿಗೆ ಮುಂತಾದವನ್ನು ಬೆಂಕಿಯ ಭಯದಿಂದ ಹಡಗಿನಲ್ಲಿ ನಿಷೇಧಿಸಿರುತ್ತಾರೆ. ಮಗುವಿಗೆ ರಾಗಿ ಸರಿ ಅಭ್ಯಾಸವಿದ್ದರೆ ಹಿಟ್ಟನ್ನು ಒಯ್ಯಬಹುದೇ, ಬೇಯಿಸಿಕೊಡುವರೇ ಎಂದು ಮೊದಲೇ ವಿಚಾರಿಸಿ. ಒಂದು ಒಳ್ಳೆಯ ಫ್ಲಾಸ್ಕ್ ಜೊತೆಗಿರಲಿ.

ಸುರಕ್ಷತೆ ಮತ್ತು ಆರೋಗ್ಯ

2012ರ ಜನವರಿ 13ರಂದು ಇಟಲಿಯ ಕರಾವಳಿಯಲ್ಲಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ಬಡಿದು 32 ಜನ ಮೃತಪಟ್ಟರು. ಆ ಬಳಿಕ ಅಂತರರಾಷ್ಟ್ರೀಯ ನಿಯಮ ಬದಲಾಗಿ, ಹೊಸ ಪ್ರಯಾಣಿಕರಿಗೆ ಸುರಕ್ಷತಾ ತಾಲೀಮನ್ನು ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ನಡೆಸುವುದು ಕಡ್ಡಾಯವಾಯಿತು. ಮಕ್ಕಳೊಡನೆ ಇದರಲ್ಲಿ ತಪ್ಪದೆ ಭಾಗವಹಿಸಿ. ಮಗುವಿನ ಅಳತೆಯ ಜೀವರಕ್ಷಕ ಅಂಗಿ ಕೊಠಡಿಯಲ್ಲಿಲ್ಲದಿದ್ದರೆ ಆಗಲೇ ಕೇಳಿ ಪಡೆಯಿರಿ. ಬಾಲ್ಕನಿಯ ಬಾಗಿಲಿಗೆ ಸದಾ ಚಿಲಕವಿರಲಿ. ಈಜುಕೊಳದ ಬಳಿ ಕಾವಲಿನವರು ಇದ್ದೇ ಇರುತ್ತಾರೆಂದು ನಂಬದಿರಿ.

ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಓಲಾಟದ ವಾಕರಿಕೆ ಹೆಚ್ಚು. ಹಡಗಿನ ಮಧ್ಯಭಾಗದ ಕೆಳ ಅಂತಸ್ತಿನಲ್ಲಿ ಓಲಾಟ ಕಡಿಮೆಯಾದ್ದರಿಂದ ಅಲ್ಲಿನ ಕೊಠಡಿ ಆರಿಸಿಕೊಳ್ಳಿ. ಮಕ್ಕಳ ವೈದ್ಯರನ್ನು ಕೇಳದೆ ವಾಂತಿಯ ಮಾತ್ರೆ ಕೊಡಬಾರದು. ಕೆಲವು ಔಷಧಿಗಳು ಎರಡು ವರ್ಷದೊಳಗಿನವರಿಗೆ ಅಪಾಯಕಾರಿ. ಹಡಗುಗಳಲ್ಲಿ ಹರಡುವ ನೋರೋವೈರಸ್ ವಾಂತಿಭೇದಿಗೆ ಸ್ಯಾನಿಟೈಸರ್ ಸಾಲದು, ಸಾಬೂನಿನಿಂದ ಕೈತೊಳೆಯುವುದೇ ಉತ್ತಮ. ಹಡಗಿನ ವೈದ್ಯರ ಸೇವೆಗೆ ಹಣ ತೆರಬೇಕಾಗುವುದರಿಂದ, ಸಮುದ್ರದಿಂದ ಆಸ್ಪತ್ರೆಗೆ ಸಾಗಿಸುವ ವೆಚ್ಚವನ್ನೂ ಒಳಗೊಂಡ ವಿಮೆ ಮಾಡಿಸಿ.

ಅಂಗಡಿಯನ್ನು ದಡದಲ್ಲಿ ಬಿಟ್ಟು

ಕೊನೆಯದಾಗಿ ನನ್ನದೇ ಒಂದು ಅನುಭವ. ಕೆಲವು ವರ್ಷಗಳ ಹಿಂದೆ ನಾಲ್ಕು ವರ್ಷದ ಮಗನೊಡನೆ ಇಂತಹದೊಂದು ಯಾನಕ್ಕೆ ಹೋಗಿದ್ದೆ. ಎರಡನೆಯ ದಿನ ಸರಬರಾಜುದಾರರೊಬ್ಬರಿಗೆ ಹಣ ಕಳುಹಿಸಬೇಕಾಯಿತು. ಕಳುಹಿಸದಿದ್ದರೆ ಸರಕು ಸಾಗಣೆಯವರ ಗೋದಾಮಿನಿಂದ ಹೊರಬರುವಂತಿರಲಿಲ್ಲ. ಬ್ಯಾಂಕಿನ ಒಟಿಪಿ ನನ್ನ ಮೊಬೈಲಿಗೇ ಬರಬೇಕು. ನಡುಸಮುದ್ರದಲ್ಲಿ ಮೊಬೈಲಿಗೆ ಸಂಪರ್ಕವಿಲ್ಲ. ಇಂಟರ್ನೆಟ್ ಸೌಲಭ್ಯ ಕೊಳ್ಳಲು ಕೌಂಟರಿನ ಮುಂದೆ ಸಾಲಿನಲ್ಲಿ ನಿಂತೆ. ಹಣ ಕಟ್ಟಿದರೂ ಒಟಿಪಿ ಬರಲಿಲ್ಲ. ಮೇಲೆ ಬಂದಾಗ ಮಗ ಹೇಳಿದ: “ಅಪ್ಪ, ಸೂರ್ಯ ನೀರಿನೊಳಗೆ ಹೋದ. ನಿಮ್ಮನ್ನ ಎಷ್ಟು ಕರೆದೆ!” ಸರಕು ಎರಡು ದಿನ ತಡವಾಗಿ ಅಂಗಡಿ ಸೇರಿತು, ನಷ್ಟವೇನೂ ಆಗಲಿಲ್ಲ. ಆ ಸೂರ್ಯಾಸ್ತ ಮಾತ್ರ ನನಗೆ ದಕ್ಕಲಿಲ್ಲ.

ಆದ್ದರಿಂದ ದಿನಾಂಕವನ್ನು ಲೆಕ್ಕ ಹಾಕಿ ಆರಿಸಿ. ತಿಂಗಳಿಗೊಮ್ಮೆ ವಿವರ ಸಲ್ಲಿಸುವವರಿಗೆ ಟಿಡಿಎಸ್‌ಗೆ 7, ಜಿಎಸ್‌ಟಿಆರ್-1ಕ್ಕೆ 11, ಭವಿಷ್ಯನಿಧಿ ಮತ್ತು ಇಎಸ್‌ಐಗೆ 15, ಜಿಎಸ್‌ಟಿಆರ್-3ಬಿಗೆ 20ನೇ ತಾರೀಖು ಗಡುವು. 21ರಿಂದ ತಿಂಗಳ ಕೊನೆಯವರೆಗಿನ ದಿನಗಳೇ ನಿರಾತಂಕ. ಬ್ಯಾಂಕಿನಲ್ಲಿ ಎರಡನೆಯ ಅಧಿಕೃತ ಸಹಿದಾರರನ್ನು ನೇಮಿಸಿ, ಅವರ ಮೊಬೈಲ್ ಸಂಖ್ಯೆಯನ್ನು ನೋಂದಾಯಿಸಿಡಿ. ದೊಡ್ಡ ಗ್ರಾಹಕರಿಗೂ ಸರಬರಾಜುದಾರರಿಗೂ ಹದಿನೈದು ದಿನ ಮೊದಲೇ ತಿಳಿಸಿ. ಹಡಗು ಹತ್ತಿದೊಡನೆ ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿ; ಇಲ್ಲವಾದರೆ ಉಪಗ್ರಹ ರೋಮಿಂಗ್ ಬಿಲ್ಲು ಬೆಚ್ಚಿಬೀಳಿಸೀತು.

ಮಾಲೀಕನಿಲ್ಲದೆ ನಾಲ್ಕು ದಿನ ನಡೆಯಬಲ್ಲ ವ್ಯವಹಾರವೇ ಗಟ್ಟಿಯಾದ ವ್ಯವಹಾರ. ಆ ವ್ಯವಸ್ಥೆಯನ್ನು ಮಾಡಿಟ್ಟು ಹೊರಟರೆ, ಕೊಟ್ಟ ಹಣಕ್ಕೂ ತೆಗೆದ ಬಿಡುವಿಗೂ ಸಾರ್ಥಕತೆ ದೊರೆಯುತ್ತದೆ. ಸದಸ್ಯ ಬಂಧುಗಳ ಪ್ರಯಾಣ ಸುಖಕರವಾಗಲಿ.