ಕಡವೇ, ಕಳವೇ? ಉರ್ದು ಸಾಹಿತ್ಯದ ಕೃತಿಚೌರ್ಯ

ಉರ್ದು ಕಾವ್ಯದಲ್ಲಿ ಒಬ್ಬರ ಸಾಲನ್ನು ಇನ್ನೊಬ್ಬರು ಎತ್ತಿಕೊಳ್ಳುವುದು ತಪ್ಪೇನಲ್ಲ. ಎಷ್ಟೋ ಸಲ ಅದೇ ಆಟದ ನಿಯಮ. 'ತರಹಿ ಮುಷಾಯಿರಾ' ಎಂಬ ಕವಿಗೋಷ್ಠಿಗೆ ಸಂಘಟಕರು ಮೊದಲೇ ಒಂದು ಸಾಲು ಕೊಟ್ಟಿರುತ್ತಾರೆ. ಬಂದ ಕವಿಗಳೆಲ್ಲ ಅದೇ ಛಂದಸ್ಸು, ಅದೇ ಪ್ರಾಸ, ಅದೇ ಅಂತ್ಯಪದ ಹಿಡಿದು ಗಜಲ್ ಕಟ್ಟಬೇಕು. ಹಳೆಯ ಕವಿಯ ಪದ್ಯವನ್ನು ತನ್ನ ಪದ್ಯದೊಳಗೆ ಕೂರಿಸಿದರೆ 'ತಜ್ಮೀನ್', ಇಬ್ಬರಿಗೆ ಸ್ವತಂತ್ರವಾಗಿ ಒಂದೇ ಭಾವ ಹೊಳೆದರೆ 'ತವಾರುದ್', ಕದ್ದರೆ 'ಸರ್ಕಾ'. ಹೀಗೆ ವಿಂಗಡಿಸಲು ಆಗುತ್ತಿದ್ದದ್ದು ಕೇಳುಗರಿಗೆ ಮೂಲ ಬಾಯಿಪಾಠವಾಗಿದ್ದರಿಂದ. ಪರರ ಸಾಲನ್ನು ತನ್ನದೆಂದು ಓದಿದವನು ಸಭೆಯಲ್ಲೇ ಸಿಕ್ಕಿಬೀಳುತ್ತಿದ್ದ. ಕೃತಿಚೌರ್ಯದ ಮದ್ದನ್ನೂ ಇಲ್ಲೇ ಹುಡುಕಬೇಕು: ಮೂಲ ಬಲ್ಲ ಓದುಗರನ್ನು ಮತ್ತೆ ಬೆಳೆಸದೆ ಬರೀ ಶಿಕ್ಷೆಯಿಂದ ಇದು ನಿಲ್ಲದು.

ಪತ್ತೇದಾರಿ ಕಾದಂಬರಿಕಾರ ಇಬ್ನೆ ಸಫಿಯ ಕಥೆ ಕಡಕ್ಕೂ ಕಳವಿಗೂ ಇರುವ ಅಂತರಕ್ಕೆ ಒಳ್ಳೆಯ ಸಾಕ್ಷಿ. 1952ರಲ್ಲಿ ಬಂದ ತಮ್ಮ ಮೊದಲ ಕಾದಂಬರಿ 'ದಲೇರ್ ಮುಜ್ರಿಮ್'ನ ಕಥೆಯ ಎಳೆ ಇಂಗ್ಲಿಷ್ ಲೇಖಕ ವಿಕ್ಟರ್ ಗನ್‌ನದು ಎಂದು ಅವರೇ ಬರೆದುಕೊಂಡರು. ಇದು ಹೇಳಿ ಪಡೆದ ಕಡ. ಆದರೆ 1960ರ ದಶಕದ ಆರಂಭದಲ್ಲಿ ಅವರು ಕಾಯಿಲೆ ಬಿದ್ದು ಬರವಣಿಗೆ ನಿಂತಾಗ, ಎನ್. ಸಫಿ, ನಜ್ಮಾ ಸಫಿ ಎಂಬಂಥ ಹೋಲುವ ಹೆಸರುಗಳಲ್ಲಿ ಅವರದೇ ಪಾತ್ರಗಳ ನಕಲಿ ಕಾದಂಬರಿಗಳು ಮಾರುಕಟ್ಟೆಗೆ ಬಂದವು. 1963ರಲ್ಲಿ ಅವರು 'ಡೇಢ್ ಮತ್‌ವಾಲೆ' ಕಾದಂಬರಿಯೊಂದಿಗೆ ಮರಳಿದರು. ಗನ್‌ನಿಂದ ಪಡೆದದ್ದೂ ಸಫಿಯಿಂದ ಪಡೆದದ್ದೂ ಎರವಲೇ. ಒಂದರಲ್ಲಿ ಮೂಲದ ಹೆಸರಿತ್ತು, ಇನ್ನೊಂದರಲ್ಲಿ ಓದುಗರನ್ನು ಯಾಮಾರಿಸುವ ಉದ್ದೇಶವಿತ್ತು.

ವಿಮರ್ಶೆ, ಸಂಶೋಧನೆಗಳಲ್ಲಿ ಸಮಸ್ಯೆ ಇನ್ನೂ ಜಟಿಲ. ರಚನಾವಾದ ಕುರಿತ ಉರ್ದು ವಿಮರ್ಶಕ ಗೋಪಿಚಂದ್ ನಾರಂಗ್ ಅವರ ಗ್ರಂಥಕ್ಕೆ 1995ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರ ಹಲವು ಭಾಗಗಳು ಇಂಗ್ಲಿಷ್ ಪುಸ್ತಕಗಳ ಅನುವಾದವೆಂದು ಲೇಖಕ ಇಮ್ರಾನ್ ಶಾಹಿದ್ ಭಿಂಡರ್ ಆರೋಪಿಸಿದ್ದು ಎಷ್ಟೋ ವರ್ಷಗಳ ಮೇಲೆ. ಮೂಲದ ಋಣವನ್ನು ಪುಸ್ತಕದಲ್ಲೇ ಒಪ್ಪಿಕೊಳ್ಳಲಾಗಿದೆ ಎಂದು ಸಮರ್ಥಕರು ಉತ್ತರಿಸಿದರು. ತೀರ್ಪು ಏನೇ ಇರಲಿ, ಎರಡು ಭಾಷೆಯ ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಕೆಲಸ ಪ್ರಕಟಣೆಗೆ ಮೊದಲೇ ಆಗಬೇಕಿತ್ತು. ಆಮೇಲೆ ನಡೆದದ್ದು ಬಹುಪಾಲು ಪರ-ವಿರೋಧ ಬಣಗಳ ಕಾದಾಟ.

ಸಾಫ್ಟ್‌ವೇರ್ ಇದೆಯಲ್ಲ ಎನ್ನಬಹುದು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮದಂತೆ ಪ್ರಬಂಧದ ಹೋಲಿಕೆ ಶೇ. 10ರೊಳಗಿದ್ದರೆ ದಂಡನೆಯಿಲ್ಲ, ಶೇ. 60 ಮೀರಿದರೆ ನೋಂದಣಿಯೇ ರದ್ದು. ಆದರೆ ಯಂತ್ರ ಹೋಲಿಸುವುದು ತನಗೆ ಓದಲು ಬರುವ ಪಠ್ಯವನ್ನು ಮಾತ್ರ. ಹಳೆಯ ಉರ್ದು ಪುಸ್ತಕ, ಪತ್ರಿಕೆಗಳು ಅಂತರ್ಜಾಲದಲ್ಲಿ ಹೆಚ್ಚಾಗಿ ಇರುವುದು ಸ್ಕ್ಯಾನ್ ಮಾಡಿದ ಚಿತ್ರಗಳಾಗಿ. ನಸ್ತಾಲೀಕ್ ಲಿಪಿಯ ಅಕ್ಷರಗಳು ಒಂದರ ಮೇಲೊಂದು ಓರೆಯಾಗಿ ಇಳಿಯುವುದರಿಂದ ಅವುಗಳನ್ನು ಗುರುತಿಸುವುದು ಯಂತ್ರಕ್ಕೆ ಕಷ್ಟ. ಇಂಗ್ಲಿಷಿನಿಂದ ಉರ್ದುವಿಗೆ ಬಂದ ಕಳವಂತೂ ಪದಹೋಲಿಕೆಯ ಬಲೆಗೆ ಬೀಳುವುದೇ ಅಪರೂಪ. ಕಾನೂನಿಗೂ ಮಿತಿಯಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆ ಲೇಖಕ ತೀರಿಕೊಂಡ ಮೇಲೆ 60 ವರ್ಷಗಳವರೆಗೆ ಕೃತಿಯನ್ನು ಕಾಯುತ್ತದೆ. 1869ರಲ್ಲಿ ತೀರಿಕೊಂಡ ಗಾಲಿಬನ ಪದ್ಯವನ್ನು ಯಾರು ಬೇಕಾದರೂ ಅಚ್ಚುಹಾಕಬಹುದು, ತಮ್ಮದೆಂದು ಹೇಳಿಕೊಳ್ಳುವುದು ಮಾತ್ರ ಕಳವೇ.

ಗುಲಾಬಿ-ಬುಲ್‌ಬುಲ್, ದೀಪ-ಪತಂಗಗಳನ್ನು ಎಲ್ಲರೂ ಬಳಸಿರುವಾಗ ಯಾರನ್ನು ಕಳ್ಳರೆನ್ನುವುದು ಎಂದೂ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಪ್ರತಿಮೆಗಳು ಎಲ್ಲರ ಆಸ್ತಿ; ಅವುಗಳನ್ನು ಇಂಥದ್ದೇ ಮಾತಿನಲ್ಲಿ, ಇಂಥದ್ದೇ ತಿರುವಿನಲ್ಲಿ ಕಟ್ಟಿದ ಎರಡು ಸಾಲು ಒಬ್ಬರದು. ಈ ವ್ಯತ್ಯಾಸವನ್ನು ಶೇಕಡಾವಾರು ಲೆಕ್ಕ ಹೇಳದು, ಓದಿಕೊಂಡವರು ಹೇಳಬಲ್ಲರು. ಆರೋಪ ಹಗೆ ತೀರಿಸುವ ಅಸ್ತ್ರವಾದೀತೆಂಬ ಭಯಕ್ಕೂ ಕ್ರಮಬದ್ಧ ಪರಿಶೀಲನೆಯೇ ಉತ್ತರ. ಪತ್ರಿಕೆ ಎರಡೂ ಪಠ್ಯಗಳನ್ನು ಎದುರುಬದುರು ಅಚ್ಚುಹಾಕಲಿ, ಆಪಾದಿತರ ಉತ್ತರವನ್ನೂ ಅದೇ ಸಂಚಿಕೆಯಲ್ಲಿ ಕೊಡಲಿ. ಅನುವಾದ, ರೂಪಾಂತರಗಳಿಗೆ ಮೂಲದ ಹೆಸರು ಮುಖಪುಟದಲ್ಲೇ ಬರಲಿ. ಅಕಾಡೆಮಿಗಳು ಬಹುಮಾನಕ್ಕೆ ಕೊಡುವ ಹಣದ ಒಂದು ಪಾಲನ್ನು ಹಳೆಯ ಪತ್ರಿಕೆಗಳನ್ನು ಹುಡುಕಬಲ್ಲ ಪಠ್ಯವಾಗಿಸಲು ತೆಗೆದಿಡಲಿ. ಅನುಮಾನ ಬಂದ ಸಾಮಾನ್ಯ ಓದುಗರೂ ಆಗ ಯಾವ ಬಣದ ಹಂಗೂ ಇಲ್ಲದೆ ಮೂಲವನ್ನು ತಾವೇ ತೆರೆದು ನೋಡಬಹುದು.