ಹಳೆಯ ಡೀಸೆಲ್ ಕಾರಿನ ನಾಡಿಪರೀಕ್ಷೆ

ಟೆಕ್ಸಸ್‌ನ ಹೆದ್ದಾರಿಗಳಲ್ಲಿ ಇಂದಿಗೂ ಆಗೊಮ್ಮೆ ಈಗೊಮ್ಮೆ ಚೌಕಾಕಾರದ ಹಳೆಯ ಮರ್ಸಿಡಿಸ್ ಕಾರೊಂದು ಕಟಕಟ ಸದ್ದು ಮಾಡುತ್ತ ಬಲಬದಿಯ ಲೇನಿನಲ್ಲಿ ಸಾಗುವುದನ್ನು ಕಾಣಬಹುದು. 1976ರಿಂದ ಸುಮಾರು ಒಂದು ದಶಕ ಕಾಲ ತಯಾರಾದ ಡಬ್ಲ್ಯೂ-123 ಎಂಬ ಈ ಮಾಲಿಕೆಯಲ್ಲಿ ಎಲ್ಲ ಬಗೆಗಳೂ ಸೇರಿ ಸುಮಾರು 27 ಲಕ್ಷ ಕಾರುಗಳು ಹೊರಬಂದವು. ಅಮೆರಿಕಕ್ಕೆ ಬಂದವುಗಳಲ್ಲಿ ನಾಲ್ಕು ಸಿಲಿಂಡರಿನ 240ಡಿ ಮತ್ತು ಐದು ಸಿಲಿಂಡರಿನ 300ಡಿ ಹೆಸರುವಾಸಿಯಾದವು. ಉತ್ತರದ ರಾಜ್ಯಗಳಂತೆ ಇಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುವುದಿಲ್ಲವಾದ್ದರಿಂದ ತಗಡು ಬೇಗ ತುಕ್ಕು ಹಿಡಿಯದು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಸುತ್ತಲಿನ ಕೌಂಟಿಗಳಲ್ಲಿ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾಗಿರುವ ಹೊಗೆ ತಪಾಸಣೆಯಿಂದ ಡೀಸೆಲ್ ವಾಹನಗಳಿಗೆ ವಿನಾಯಿತಿಯೂ ಇದೆ.

ಕನ್ನಡಿಗರಿಗೆ ಈ ಯಂತ್ರ ತೀರ ಅಪರಿಚಿತವೇನಲ್ಲ. 1954ರಲ್ಲಿ ಟಾಟಾ ಸಂಸ್ಥೆ ಡೈಮ್ಲರ್-ಬೆಂಜ್ ಜೊತೆ ಸೇರಿ ತಯಾರಿಸತೊಡಗಿದ ಲಾರಿಗಳ ಮೂತಿಯ ಮೇಲೆ ಇದೇ ಮೂರು ಮೂಲೆಯ ನಕ್ಷತ್ರವಿತ್ತು. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಬಾಷ್ ಮಾದರಿಯ ಡೀಸೆಲ್ ಪಂಪು ಮತ್ತು ನಾಜಲ್‌ಗಳೇ. ಮೈಕೋ ಲೇಔಟಿನಲ್ಲಿ ಬೆಳೆದು ಆಸ್ಟಿನ್‌ಗೆ ಬಂದವರು ತಮ್ಮ ಹಳೆಯ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಆ ಪಂಪಿನ ಜರ್ಮನ್ ದಾಯಾದಿಯನ್ನು.

ಇಂಥ ಕಾರು ಕೆಟ್ಟಾಗ ಎದುರಾಗುವ ತೊಂದರೆಯೆಂದರೆ, ಇದಕ್ಕೆ ಕಂಪ್ಯೂಟರ್ ಜೋಡಿಸಿ ದೋಷಸಂಕೇತ ಓದುವ ಸೌಲಭ್ಯವಿಲ್ಲ. ಯಂತ್ರವನ್ನು ಬಲ್ಲ ಹಳೆಯ ಮೆಕ್ಯಾನಿಕರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಅರಿಯದವರ ಕೈಗೆ ಸಿಕ್ಕರೆ ತೀರ್ಪು ಬಹುಪಾಲು ಒಂದೇ: ‘ಪಂಪು ಹೋಗಿದೆ’. ಪಂಪನ್ನು ಬಿಚ್ಚಿ ಹೊಸದಾಗಿಸುವ ವೆಚ್ಚ ಎಷ್ಟೋ ಸಲ ಕಾರಿನ ಬೆಲೆಯನ್ನು ಅಣಕಿಸುತ್ತದೆ. ಕೆಲವೇ ಡಾಲರಿನ ರಬ್ಬರ್ ಕೊಳವೆ ಬದಲಿಸದೆ ಗುಜರಿ ಸೇರಿದ ಕಾರುಗಳನ್ನು ನಾನು ಬಲ್ಲೆ. ನನ್ನ ಅನುಭವದಲ್ಲಿ ಬಾಷ್ ಪಂಪು ಶಂಕಿತರ ಪಟ್ಟಿಯಲ್ಲಿ ಕೊನೆಯದಾಗಿರತಕ್ಕದ್ದು.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಇಪ್ಪತ್ತೊಂದು ಪಾಲಿನಲ್ಲಿ ಒಂದು ಪಾಲಿಗೆ ಒತ್ತಿದಾಗ ಹುಟ್ಟುವ ಕಾವಿಗೆ ಇಂಧನವನ್ನು ಸಿಂಪಡಿಸಿದರೆ ಅದು ತಾನೇ ಹೊತ್ತಿಕೊಳ್ಳುತ್ತದೆ. ಸಾಕಷ್ಟು ಒತ್ತಡ, ಸಕಾಲಕ್ಕೆ ಬರುವ ಶುದ್ಧ ಇಂಧನ, ಧಾರಾಳ ಗಾಳಿ: ಇವಿದ್ದರೆ ಎಂಜಿನ್ ಓಡಲೇಬೇಕು. ಒಮ್ಮೆ ಸ್ಟಾರ್ಟ್ ಆದ ಮೇಲೆ ಈ ಯಂತ್ರಕ್ಕೆ ವಿದ್ಯುತ್ತೂ ಬೇಡ. ಆದ್ದರಿಂದ ಓಡುತ್ತಿರುವಾಗ ಕಾಣಿಸುವ ದೋಷಕ್ಕೆ ವೈರುಗಳನ್ನು ತಡಕುವುದು ವ್ಯರ್ಥ. ನಾನು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಇದು: ತೊಂದರೆ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ?

ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ ಮಾಡಿ, ನಡುಗಿ, ಬಿಳಿಹೊಗೆ ಉಗುಳಿ, ಎರಡು ನಿಮಿಷದಲ್ಲಿ ಸರಿಹೋದರೆ ಮೊದಲು ನೋಡಬೇಕಾದುದು ನಮ್ಮೂರ ಗ್ಯಾರೇಜುಗಳಲ್ಲಿ ‘ಹೀಟರ್ ಪ್ಲಗ್’ ಎನ್ನುವ ಗ್ಲೋ ಪ್ಲಗ್ಗುಗಳನ್ನು. ರಿಲೇಯಿಂದ ಪ್ಲಗ್ಗುಗಳಿಗೆ ಹೋಗುವ ಜೋಡಣೆಯನ್ನು ಕಳಚಿ ಒಂದೊಂದು ತಂತಿಗೂ ಎಂಜಿನ್ನಿನ ಲೋಹಕ್ಕೂ ನಡುವೆ ಮೀಟರ್ ಹಿಡಿದರೆ ಸಾಕು. ಒಳ್ಳೆಯ ಪ್ಲಗ್ಗು ಒಂದು ಓಮ್‌ಗಿಂತ ಕಡಿಮೆ ತೋರಿಸುತ್ತದೆ. ಸತ್ತದ್ದು ಏನನ್ನೂ ತೋರಿಸದು. ಐದೂ ಒಟ್ಟಿಗೆ ಕೆಲಸ ನಿಲ್ಲಿಸಿದ್ದರೆ ರಿಲೇಯ ಮುಚ್ಚಳದಡಿ ಇರುವ 80 ಆಂಪಿಯರಿನ ಪಟ್ಟಿ ಫ್ಯೂಸನ್ನು ನೋಡಬೇಕು. ಅದರ ಬಿರುಕು ಬರಿಗಣ್ಣಿಗೆ ಕಾಣದಷ್ಟು ಸಣ್ಣದಿರಬಹುದು. ಹ್ಯೂಸ್ಟನ್ನಿನ ಸೆಕೆಯಲ್ಲಿ ಎರಡು ಪ್ಲಗ್ಗು ಸತ್ತರೂ ಕಾರು ಸ್ಟಾರ್ಟ್ ಆದೀತು. ಡಲ್ಲಾಸ್‌ನ ಜನವರಿಯಲ್ಲಿ ಆಗದು. 2021ರ ಫೆಬ್ರವರಿ 16ರಂದು ಡಲ್ಲಾಸ್ ವಿಮಾನನಿಲ್ದಾಣದಲ್ಲಿ ಉಷ್ಣತೆ ಮೈನಸ್ 19 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಅಂಥ ಚಳಿಯಲ್ಲಿ ಡೀಸೆಲಿನೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರನ್ನೇ ಕಟ್ಟಿಬಿಡುತ್ತದೆ. ಆಗ ಪ್ಲಗ್ಗು ಬದಲಿಸಿ ಪ್ರಯೋಜನವಿಲ್ಲ. ಕಾರನ್ನು ಬೆಚ್ಚಗಿನ ಗ್ಯಾರೇಜಿಗೆ ತಳ್ಳಿ ಕಾಯುವುದೇ ಚಿಕಿತ್ಸೆ.

ಪ್ಲಗ್ಗುಗಳೆಲ್ಲ ಸರಿಯಿದ್ದೂ ಚಳಿಯಲ್ಲಿ ಹಟ ಮುಂದುವರಿದರೆ ವಾಲ್ವುಗಳ ಅಂತರ ನೋಡಬೇಕು. ಈ ಕೆಲಸವನ್ನು ವರ್ಷಗಟ್ಟಲೆ ಮರೆತ ಮಾಲೀಕರೇ ಹೆಚ್ಚು. ಸವೆದಂತೆ ವಾಲ್ವು ತನ್ನ ಪೀಠದೊಳಕ್ಕೆ ಕುಸಿಯುವುದರಿಂದ ಅಂತರ ಹೆಚ್ಚಾಗುವುದಿಲ್ಲ, ಕಡಿಮೆಯಾಗುತ್ತದೆ. ಕೊನೆಗೆ ವಾಲ್ವು ಪೂರ್ತಿ ಮುಚ್ಚದೆ ಒತ್ತಡ ಸೋರುತ್ತದೆ. ಟರ್ಬೋ ಇರುವ 300ಡಿಗೆ ತಣ್ಣನೆಯ ಎಂಜಿನ್ನಿನಲ್ಲಿ ಗಾಳಿ ಒಳಬರುವ ವಾಲ್ವಿಗೆ 0.10 ಮಿ.ಮೀ., ಹೊಗೆ ಹೊರಹೋಗುವ ವಾಲ್ವಿಗೆ 0.35 ಮಿ.ಮೀ. ಅಂತರ ಇರಬೇಕು. ಇದನ್ನು ಸರಿಪಡಿಸಿದ ಮೇಲೆಯೇ ಒತ್ತಡ ಅಳೆಯುವುದು ನ್ಯಾಯ. ಯಾವ ಸಿಲಿಂಡರೂ 15 ಬಾರ್‌ಗಿಂತ ಕೆಳಗಿಳಿಯಬಾರದು. ಒಂದಕ್ಕೂ ಇನ್ನೊಂದಕ್ಕೂ 3 ಬಾರ್‌ಗಿಂತ ಹೆಚ್ಚು ವ್ಯತ್ಯಾಸವಿರಬಾರದು.

ಬಿಸಿಯಾದ ಮೇಲೂ ಎಂಜಿನ್ ‘ಮಿಸ್’ ಹೊಡೆಯುತ್ತಿದ್ದರೆ ಹಳೆಯ ಲಾರಿ ಮೇಸ್ತ್ರಿಗಳ ಉಪಾಯವೇ ಸಾಕು. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ 17ನೇ ನಂಬರಿನ ಸ್ಪ್ಯಾನರಿನಿಂದ ನಾಜಲ್ ಪೈಪಿನ ನಟ್ಟನ್ನು ಒಂದೊಂದಾಗಿ ತುಸು ಸಡಿಲಿಸಿ ಮತ್ತೆ ಬಿಗಿಯಬೇಕು. ಸಡಿಲಿಸಿದೊಡನೆ ಓಟ ಇನ್ನಷ್ಟು ಕುಂಟಿದರೆ ಆ ಸಿಲಿಂಡರ್ ದುಡಿಯುತ್ತಿತ್ತು ಎಂದರ್ಥ. ಏನೂ ಬದಲಾಗದಿದ್ದರೆ ಸೋಮಾರಿ ಸಿಕ್ಕಿಬಿದ್ದ. ಅದರ ನಾಜಲನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಿ: ದೋಷ ಜೊತೆಗೇ ಹೋದರೆ ನಾಜಲ್, ಅಲ್ಲೇ ಉಳಿದರೆ ಒತ್ತಡ. ಕನ್ನಡಕ ಧರಿಸಿ, ಚಿಂದಿಬಟ್ಟೆ ಸುತ್ತಿ ಈ ಪರೀಕ್ಷೆ ಮಾಡಬೇಕು. ನಾಜಲಿನ ತುದಿಯಿಂದ ನೂರು ಬಾರ್ ಮೀರಿದ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ಭೇದಿಸಬಲ್ಲದು. ಹಾಗಾದರೆ ಗಾಯ ಸೂಜಿಮೊನೆಯಷ್ಟಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇನ್ನು ಇಂಧನದ ವಿಷಯ. ಹೆದ್ದಾರಿ ಡೀಸೆಲಿನ ಗಂಧಕವನ್ನು 2006ರಿಂದ ಹತ್ತು ಲಕ್ಷಕ್ಕೆ 15 ಭಾಗಕ್ಕೆ ಇಳಿಸಲಾಯಿತು. ಟೆಕ್ಸಸ್‌ನ ಪೂರ್ವಾರ್ಧದ 110 ಕೌಂಟಿಗಳಲ್ಲಿ ಅದಕ್ಕೂ ಮೇಲೆ ರಾಜ್ಯದ್ದೇ ಆದ ನಿಯಮವಿದ್ದು, ಸೀಟೇನ್ ಸಂಖ್ಯೆ ಕನಿಷ್ಠ 48 ಇರಬೇಕೆನ್ನುತ್ತದೆ. ಸುಲಭವಾಗಿ ಹೊತ್ತಿಕೊಳ್ಳುವ ಈ ಇಂಧನ ಹಳೆಯ ಎಂಜಿನ್ನಿಗೆ ಹಿತವೇ. ಆಪತ್ತು ತಂದದ್ದು ಸಸ್ಯಜನ್ಯ ಡೀಸೆಲ್. ಗಾಯಕ ವಿಲ್ಲಿ ನೆಲ್ಸನ್ ಅವರ ಹೆಸರಿನಲ್ಲಿ 2005ರ ಸುಮಾರಿಗೆ ಡಲ್ಲಾಸ್ ಮತ್ತು ವೇಕೋ ನಡುವಿನ ಕಾರ್ಲ್ಸ್ ಕಾರ್ನರಿನಲ್ಲಿ ಮಾರಾಟವಾಗುತ್ತಿದ್ದ ಇಂಧನ ಇದೇ ಜಾತಿಯದು. ಇಂಧನ ಕೆಟ್ಟದ್ದೆಂದಲ್ಲ, ಅದು ಟ್ಯಾಂಕಿನ ತಳದಲ್ಲಿ ದಶಕಗಳಿಂದ ಕೂತ ಕೊಳೆಯನ್ನು ತೊಳೆದು ಫಿಲ್ಟರಿಗೆ ತಂದು ಸುರಿಯುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಹ್ಯೂಸ್ಟನ್ನಿನ ತೇವದಲ್ಲಿ ಟ್ಯಾಂಕಿನೊಳಗೆ ನೀರು ಇಬ್ಬನಿಯಾಗಿ ಕೂಡಿ, ನೀರೂ ಡೀಸೆಲೂ ಸೇರುವೆಡೆ ಸೂಕ್ಷ್ಮಜೀವಿಗಳ ಕಪ್ಪು ಲೋಳೆ ಬೆಳೆಯುವುದೂ ಉಂಟು.

ಹ್ಯೂಸ್ಟನ್ನಿನ ಮಿತ್ರರೊಬ್ಬರ 1983ರ 300ಡಿ ಊರೊಳಗೆ ಚೆನ್ನಾಗಿ ಓಡುತ್ತಿತ್ತು. ಡಲ್ಲಾಸ್ ಕಡೆ ಹೊರಟರೆ ಒಂದು ಗಂಟೆಯೊಳಗೆ ಪಿಕಪ್ ಕುಗ್ಗಿ, ಕೊನೆಗೆ ರಸ್ತೆ ಬದಿಗೆ ನಿಲ್ಲುತ್ತಿತ್ತು. ಹತ್ತು ನಿಮಿಷ ಬಿಟ್ಟರೆ ಮತ್ತೆ ಏನೂ ಆಗದಂತೆ ಹೊರಡುತ್ತಿತ್ತು. ಗ್ಯಾರೇಜಿನ ತೀರ್ಪು ಎಂದಿನಂತೆ ಪಂಪು. ಮಿತ್ರರು ಕಾರನ್ನು ಮಾರಲು ಸಿದ್ಧರಾಗಿದ್ದರು. ಆದರೆ ಸವೆದ ಪಂಪು ಹತ್ತು ನಿಮಿಷ ವಿಶ್ರಮಿಸಿ ಗುಣವಾಗದು. ವಿಶ್ರಾಂತಿಯಿಂದ ಗುಣವಾಗುವ ಕಾಯಿಲೆ ಎಂದರೆ ಹರಿವಿನ ತಡೆ. ಮುಂದಿನ ಸಲ ಕಾರು ಸೊರಗಿದಾಗ ಟ್ಯಾಂಕಿನ ಮುಚ್ಚಳ ತೆರೆಯಲು ಹೇಳಿದೆ. ಬುಸ್ಸೆಂದು ಗಾಳಿ ಒಳನುಗ್ಗಿದ್ದರೆ ಟ್ಯಾಂಕಿಗೆ ಗಾಳಿ ಬರುವ ದಾರಿ ಮುಚ್ಚಿದೆ ಎಂದಾಗುತ್ತಿತ್ತು. ಸದ್ದೇ ಬರಲಿಲ್ಲ. ಉಳಿದದ್ದು ಟ್ಯಾಂಕಿನ ತಳದ ಜಾಲರಿ: ಓಡುವಾಗ ಕೊಳೆ ಅದಕ್ಕೆ ಹೀರಿಕೊಂಡು ಅಂಟುತ್ತದೆ, ನಿಂತಾಗ ಕಳಚಿ ಬೀಳುತ್ತದೆ. ಟ್ಯಾಂಕು ಬರಿದು ಮಾಡಿ ಜಾಲರಿ ಹೊರತೆಗೆದಾಗ ಅದು ಕಾಫಿಗಷ್ಟಿನಂಥ ಪದಾರ್ಥದಿಂದ ತುಂಬಿತ್ತು. ಅದನ್ನು ತೊಳೆದು ಎರಡು ಫಿಲ್ಟರುಗಳನ್ನು ಬದಲಿಸಿದ ಮೇಲೆ ಆ ಕಾರು ಡಲ್ಲಾಸ್‌ಗೆ ಹಲವು ಬಾರಿ ಬಂದುಹೋಗಿದೆ.

ರಾತ್ರಿಯಿಡೀ ನಿಂತ ಕಾರು ಬೆಳಿಗ್ಗೆ ಸ್ಟಾರ್ಟ್ ಆಗಿ, ಕೂಡಲೇ ಸತ್ತು, ಬಹಳ ಹೊತ್ತು ತಿರುಗಿಸಿದ ಮೇಲೆ ಎದ್ದರೆ ಇಂಧನಕ್ಕೆ ಗಾಳಿ ಹಿಡಿದಿದೆ ಎಂದು ತಿಳಿಯಬೇಕು. ಮೊದಲ ಸಣ್ಣ ಫಿಲ್ಟರ್ ಪಾರದರ್ಶಕವಾಗಿರುವುದರಿಂದ ಅಲ್ಲಿ ಗುಳ್ಳೆಗಳ ಸಾಲು ಕಾಣುತ್ತದೆ. ಕೈಪಂಪಿನ ವಾಷರ್, ನಾಜಲುಗಳ ನಡುವಿನ ನೂಲು ಹೆಣೆದ ವಾಪಸಿ ಕೊಳವೆಗಳು ಸಾಮಾನ್ಯ ಅಪರಾಧಿಗಳು.

ಪಿಕಪ್ ಇಲ್ಲದ ಟರ್ಬೋ ಕಾರಿನಲ್ಲಿ ಹೊಗೆ ಕಪ್ಪಗಿದ್ದರೆ ಗಾಳಿ ಫಿಲ್ಟರನ್ನು ನೋಡಿ. ಹೊಗೆಯೇ ಇಲ್ಲದೆ ಬರೀ ಸೊರಗಿದ್ದರೆ, ಟರ್ಬೋ ಒತ್ತಡದ ಸುದ್ದಿಯನ್ನು ಪಂಪಿಗೆ ಮುಟ್ಟಿಸುವ ಸಣ್ಣ ಪೈಪಿನ ಟೊಳ್ಳು ಬೋಲ್ಟು ಮಸಿಯಿಂದ ಮುಚ್ಚಿರುತ್ತದೆ. ಸುದ್ದಿ ತಲುಪದ ಪಂಪು ಇಂಧನ ಹೆಚ್ಚಿಸುವುದಿಲ್ಲ. ಬೋಲ್ಟನ್ನು ತೊಳೆಯುವುದಕ್ಕೆ ಖರ್ಚೇ ಇಲ್ಲ. ಫಲಿತಾಂಶ ನೋಡಲು ಆಸ್ಟಿನ್ನಿನವರಿಗೆ ಲೂಪ್ 360ರ ಏರುಗಳಿವೆ. ಹ್ಯೂಸ್ಟನ್ನಿನವರು ಮೇಲ್ಸೇತುವೆಗಳನ್ನೇ ಬೆಟ್ಟವೆಂದುಕೊಳ್ಳಬೇಕು.

ಕೀಲಿ ತೆಗೆದರೂ ಎಂಜಿನ್ ನಿಲ್ಲದಿರುವುದು ಹೊಸಬರನ್ನು ಹೆದರಿಸುವ ಇನ್ನೊಂದು ಲಕ್ಷಣ. ಈ ಕಾರಿನಲ್ಲಿ ಇಂಧನ ಕಡಿಯುವುದು ನಿರ್ವಾತದ ಬಲದಿಂದ. ಬಾಗಿಲುಗಳ ಬೀಗಗಳೂ ಅದೇ ನಿರ್ವಾತವನ್ನು ಹಂಚಿಕೊಳ್ಳುವುದರಿಂದ ಹಿಂಬಾಗಿಲಿನ ರಬ್ಬರ್ ಪೊರೆ ಹರಿದರೂ ಎಂಜಿನ್ ಓಡುತ್ತಲೇ ಇರಬಹುದು. ಆಗ ಬಾನೆಟ್ ತೆರೆದು, ಎಂಜಿನ್ನಿನ ಮೇಲೆ ‘ಸ್ಟಾಪ್’ ಎಂದು ಬರೆದಿರುವ ಸನ್ನೆಯನ್ನು ಒತ್ತಿ ಹಿಡಿದರೆ ನಿಲ್ಲುತ್ತದೆ. ಕಾರು ಕೊಂಡ ದಿನವೇ ಅದು ಎಲ್ಲಿದೆಯೆಂದು ಮನೆಯವರಿಗೆಲ್ಲ ತೋರಿಸಿಡಿ.