ಅಂಗಳದ ಔತಣಕ್ಕೂ ಒಂದು ಋತುವಿದೆ

ವರ್ಷಕ್ಕೊಮ್ಮೆ ಗ್ರಾಹಕರು, ಸಿಬ್ಬಂದಿ ಹಾಗೂ ಬಂಧುಮಿತ್ರರನ್ನು ಕರೆದು ಊಟ ಹಾಕುವ ಪದ್ಧತಿ ರಾಜ್ಯದ ವರ್ತಕ ಸಮುದಾಯದಲ್ಲಿ ಹಳೆಯದು. ಹೋಟೆಲಿನ ಸಭಾಂಗಣಕ್ಕಿಂತ ಮನೆಯ ಹಿತ್ತಿಲು ಅಥವಾ ಕಾರ್ಖಾನೆಯ ಅಂಗಳವನ್ನೇ ಹಲವರು ಇದಕ್ಕೆ ಆರಿಸಿಕೊಳ್ಳುತ್ತಾರೆ. ವೆಚ್ಚ ಕಡಿಮೆ, ಆತ್ಮೀಯತೆ ಹೆಚ್ಚು. ಆದರೆ ದಿನಾಂಕ ಗೊತ್ತುಮಾಡುವಾಗ ನೋಡುವುದು ಹಬ್ಬವನ್ನೋ ರಜೆಯನ್ನೋ ಮಾತ್ರ. ಆಕಾಶದ ಕಡೆಗೆ ಗಮನ ಹರಿಯುವುದು ಕೊನೆಯ ದಿನ.

ಇದರ ಫಲ ಎದ್ದು ಕಾಣುವುದು ಆಯುಧಪೂಜೆಯ ಸಂದರ್ಭದಲ್ಲಿ. ಬೆಂಗಳೂರಿನಲ್ಲಿ ಸರಾಸರಿ ಲೆಕ್ಕದಂತೆ ಅತಿ ಹೆಚ್ಚು ಮಳೆ ಸುರಿಯುವುದು ಜುಲೈ ತಿಂಗಳಿನಲ್ಲಲ್ಲ, ಸೆಪ್ಟೆಂಬರ್ ತಿಂಗಳಿನಲ್ಲಿ. ಅಕ್ಟೋಬರ್ ಕೂಡ ಹೆಚ್ಚು ಹಿಂದಿಲ್ಲ. ಆ ಮಳೆಯೂ ಬಹುಪಾಲು ಸಂಜೆ ಅಥವಾ ರಾತ್ರಿಯ ವೇಳೆಗೇ ಬರುತ್ತದೆ. ಅಂದರೆ ಯಂತ್ರಗಳಿಗೆ ಪೂಜೆ ಮುಗಿಸಿ ಸಂಜೆ ಊಟಕ್ಕೆ ಎಲೆ ಹಾಕುವ ಹೊತ್ತು ಮಳೆಯ ಹೊತ್ತೂ ಆಗಿರುತ್ತದೆ. ಪೂಜೆಯನ್ನು ಹಬ್ಬದಂದೇ ನೆರವೇರಿಸಿ, ಪ್ರಸಾದ ವಿನಿಯೋಗಿಸಿ, ಔತಣವನ್ನು ಮುಂದಕ್ಕೆ ಇಟ್ಟುಕೊಳ್ಳುವುದು ವ್ಯವಹಾರ ಜಾಣ್ಮೆ.

ಹಾಗಾದರೆ ಮುಂದಕ್ಕೆ ಎಂದರೆ ಯಾವಾಗ? ದಕ್ಷಿಣ ಮತ್ತು ಉತ್ತರ ಕರ್ನಾಟಕದ ಬಯಲುಸೀಮೆಗೆ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗಿನ ಧನುರ್ಮಾಸಕ್ಕಿಂತ ಅನುಕೂಲವಾದ ಕಾಲ ಮತ್ತೊಂದಿಲ್ಲ. ಮಳೆ ಅಪರೂಪ, ಬಿಸಿಲು ಹಿತ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ ಈ ತಿಂಗಳಲ್ಲಿ ಮದುವೆಗಳು ನಡೆಯುವುದಿಲ್ಲ. ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆ ನೀಡುವವರು, ಅಡುಗೆಯವರು, ಬಡಿಸುವವರು ಬಹುಮಟ್ಟಿಗೆ ಕೆಲಸವಿಲ್ಲದೆ ಇರುತ್ತಾರೆ. ಮದುವೆಯ ಮುಹೂರ್ತದ ದಿನ ಬೆಲೆ ಹೇಳುವವನು ಸರಬರಾಜುದಾರ. ಧನುರ್ಮಾಸದಲ್ಲಿ ಬೆಲೆ ಕೇಳುವ ಅವಕಾಶ ಆತಿಥೇಯನಿಗೆ. ಸರಬರಾಜುದಾರನಿಗೂ ಇದು ನಷ್ಟದ ಮಾತಲ್ಲ. ಗೋದಾಮಿನ ಬಾಡಿಗೆ, ಕಾಯಂ ಆಳುಗಳ ಸಂಬಳ ಮದುವೆಯಿಲ್ಲದ ತಿಂಗಳಲ್ಲೂ ನಿಲ್ಲುವುದಿಲ್ಲವಾದ್ದರಿಂದ, ವರ್ತಕರ ಔತಣಗಳನ್ನೇ ಗುರಿಯಾಗಿಸಿ ನವೆಂಬರಿನಲ್ಲೇ ದರಪಟ್ಟಿ ಕಳುಹಿಸುವುದು ಒಳ್ಳೆಯ ಉಪಾಯ. ಡಿಸೆಂಬರ್ 31ರ ರಾತ್ರಿ ಮಾತ್ರ ಈ ಲೆಕ್ಕಕ್ಕೆ ಸೇರದು. ಅಂದಿನ ದರ ಮದುವೆಯ ದರವನ್ನೂ ಮೀರಬಹುದು.

ಊಟದ ದೃಷ್ಟಿಯಿಂದಲೂ ಇದು ಸಮೃದ್ಧಿಯ ಕಾಲ. ಬೆಂಗಳೂರು, ಕೋಲಾರ, ಮೈಸೂರು ಸೀಮೆಯಲ್ಲಿ ಸೊಗಡಿನ ಅವರೆಕಾಯಿ ಮಾರುಕಟ್ಟೆ ತುಂಬಿರುತ್ತದೆ. ಹಿತಕಿದ ಬೇಳೆ ಸಾರಿಗೆ ಬೇರೆ ಆಡಂಬರ ಬೇಕಿಲ್ಲ. ಕಾಳು ಬಿಡಿಸಿ ಹಿತಕುವ ಕೂಲಿಯನ್ನು ಮಾತ್ರ ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು, ನೂರು ಜನರ ಅಡುಗೆಗೆ ಅದು ಸಣ್ಣ ಕೆಲಸವಲ್ಲ. ಉತ್ತರ ಕರ್ನಾಟಕದಲ್ಲಿ ಹಿಂಗಾರಿ ಜೋಳದ ತೆನೆ ಹಾಲುಗಾಳು ಕಟ್ಟಿ ಸೀತನಿಗೆ ಬರುವುದು ಈ ಸುಮಾರಿಗೇ. ಕುಳ್ಳಿನ ಕೆಂಡದಲ್ಲಿ ಸುಟ್ಟು ಉದುರಿಸಿದ ಕಾಳು, ಶೇಂಗಾ ಹಾಗೂ ಅಗಸಿ ಚಟ್ನಿಪುಡಿ, ಬೆಲ್ಲ, ಗಟ್ಟಿ ಮೊಸರು ಇದ್ದರೆ ಹುಬ್ಬಳ್ಳಿಯ ವರ್ತಕನ ಹೊಲದ ಔತಣ ಯಾವ ತಾರಾ ಹೋಟೆಲಿಗೂ ಸೋಲುವುದಿಲ್ಲ. ತೆನೆ ಬಲಿತರೆ ಸೀತನಿ ಇಲ್ಲ. ಆದ್ದರಿಂದ ದಿನಾಂಕ ಗೊತ್ತುಮಾಡಬೇಕಾದವನು ಹೊಲದ ರೈತ.

ಮಲೆನಾಡಿಗೆ ಈ ಸಲಹೆ ಹೊಂದುವುದಿಲ್ಲ. ಅಲ್ಲಿ ಆ ತಿಂಗಳುಗಳಲ್ಲಿ ಅಡಿಕೆ ಕೊಯ್ಲು; ಅಂಗಳದ ತುಂಬ ಅಡಿಕೆ ಒಣಗುತ್ತಿರುತ್ತದೆ, ಆಳುಗಳೂ ಸಿಗುವುದಿಲ್ಲ. ಕೊಯ್ಲು ಮುಗಿದ ಫೆಬ್ರುವರಿ, ಮಾರ್ಚ್ ಅಲ್ಲಿಗೆ ಲೇಸು. ಕರಾವಳಿಯಲ್ಲಿ ಹವೆ ಅನುಕೂಲವೇ ಆದರೂ ಜಾತ್ರೆ, ಕೋಲ, ಯಕ್ಷಗಾನಗಳ ಕಾಲವಾದ್ದರಿಂದ ಕುರ್ಚಿ, ಚಪ್ಪರಗಳಿಗೆ ಬೇಡಿಕೆ ತಗ್ಗುವುದಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಔತಣ ಅನಿವಾರ್ಯವಾದರೆ ಅದು ಬೆಳಗಿನ ಉಪಾಹಾರವಾಗಿರಲಿ. ನಡುಹಗಲು ಬಿಸಿಲು ಸುಡುತ್ತದೆ. ಮುಂಗಾರುಪೂರ್ವದ ಗುಡುಗು, ಬಿರುಗಾಳಿ ಸಾಮಾನ್ಯವಾಗಿ ಮಧ್ಯಾಹ್ನದ ನಂತರ ಏಳುತ್ತವೆ. ಹಸಿ ತೆಂಗಿನ ತುರಿ ಹಾಕಿದ ಚಟ್ನಿ, ಕೋಸಂಬರಿಗಳು ಸೆಕೆಯಲ್ಲಿ ಬೇಗ ಹಳಸುವುದರಿಂದ ಅವನ್ನು ಕಂತುಕಂತಾಗಿ ಸಿದ್ಧಪಡಿಸಬೇಕು. ಮೊದಲ ಮಳೆಯ ಸಂಜೆಗಳಲ್ಲಿ ರೆಕ್ಕೆ ಮೂಡಿದ ಗೆದ್ದಲುಗಳು ದೀಪಕ್ಕೆ ಮುತ್ತುತ್ತವೆ. ಪ್ರಖರ ದೀಪವನ್ನು ಬಡಿಸುವ ಮೇಜಿನಿಂದ ದೂರ ಕಟ್ಟಿಸುವುದು ಒಳಿತು.

ಮಳೆಗಾಲದ ಔತಣಕ್ಕೆ ಬಟ್ಟೆಯ ಶಾಮಿಯಾನ ಸಾಲದು, ಇಳಿಜಾರಾಗಿ ಕಟ್ಟಿದ ತಗಡಿನ ಚಪ್ಪರವೇ ಬೇಕು. ಚಪ್ಪಟೆ ಹೊದಿಕೆಯ ಮೇಲೆ ನಿಂತ ನೀರಿನ ಭಾರಕ್ಕೆ ಕಂಬಗಳೇ ಕುಸಿಯಬಹುದು. ಅಡುಗೆಯ ಜಾಗಕ್ಕೆ ಎಲ್ಲ ಋತುವಿನಲ್ಲೂ ತಗಡೇ ಇರಬೇಕು. ಒಲೆಯ ಮೇಲೆ ಬಟ್ಟೆ ಕಟ್ಟುವುದು ಬೆಂಕಿಗೆ ದಾರಿ. ಅಡಿಕೆ ಹಾಳೆಯ ತಟ್ಟೆ ತಯಾರಿಸುವ ಸಣ್ಣ ಉದ್ಯಮಿಗಳಿಗೂ ಇಲ್ಲೊಂದು ಅಂಶವಿದೆ. ನೆನೆದ ಹಾಳೆ ಬೂಷ್ಟು ಹಿಡಿಯುವುದರಿಂದ ಬೇಸಿಗೆಯಲ್ಲೇ ಒಣ ಹಾಳೆ ಸಂಗ್ರಹಿಸಿಟ್ಟವರಿಗೆ ಮಾತ್ರ ಮಳೆಗಾಲದ ಬೇಡಿಕೆ ಪೂರೈಸಲು ಸಾಧ್ಯ. ಪ್ಲಾಸ್ಟಿಕ್ ತಟ್ಟೆ, ಲೋಟಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ.

ಯಾವ ಋತುವಾದರೂ ಜಗಳ ಹುಟ್ಟುವುದು ಮುಂಗಡದ ಹಣದ ಸುತ್ತ. ಮಳೆ ಬಂದು ಔತಣ ರದ್ದಾದರೆ ಮುಂಗಡ ಹಿಂದಿರುಗಬೇಕೇ, ಬೇರೊಂದು ದಿನಕ್ಕೆ ಜಮೆಯಾಗಬೇಕೇ? ಕಟ್ಟಿದ ಚಪ್ಪರಕ್ಕೆ ಬಾಡಿಗೆ ಎಷ್ಟು? ಗಾಳಿಗೆ ಹರಿದ ಬಟ್ಟೆಯ ನಷ್ಟ ಯಾರದು? ರದ್ದತಿ ತಿಳಿಸಲು ಕೊನೆಯ ಗಳಿಗೆ ಯಾವುದು? ತರಕಾರಿ ಖರೀದಿಗೆ ಮುಂಚೆ ತಿಳಿಸಿದರೆ ಅಡುಗೆಯವನಿಗೆ ನಷ್ಟವಿಲ್ಲ, ನಂತರ ತಿಳಿಸಿದರೆ ಪೂರ್ತಿ ನಷ್ಟ. ಲಕ್ಷಗಳ ಸರಕಿಗೆ ಕರಾರು ಬರೆಯುವ ವರ್ತಕರೇ ಇಲ್ಲಿ ಬಾಯಿಮಾತಿಗೆ ತೃಪ್ತರಾಗುತ್ತಾರೆ. ನಾಲ್ಕು ಸಾಲಿನ ಒಪ್ಪಂದ ಉಭಯರ ಸ್ನೇಹವನ್ನೂ ಕಾಯುತ್ತದೆ.

ತೆರಿಗೆಯ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಬೇಕು. ಔತಣ ವ್ಯವಹಾರದ ಉದ್ದೇಶದ್ದೇ ಆದರೂ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 17(5)ನೇ ಕಲಮಿನಂತೆ ಊಟೋಪಚಾರಕ್ಕೆ ತೆತ್ತ ತೆರಿಗೆಯ ಜಮೆ ಆತಿಥೇಯ ವರ್ತಕನಿಗೆ ಸಾಮಾನ್ಯವಾಗಿ ದೊರೆಯುವುದಿಲ್ಲ. ಆದ್ದರಿಂದ ದರವನ್ನು ತೆರಿಗೆ ಸೇರಿಸಿಯೇ ಕೇಳಬೇಕು. ಅಡುಗೆಗೆ ಬಳಸಬೇಕಾದದ್ದು 19 ಕೆ.ಜಿ.ಯ ವಾಣಿಜ್ಯ ಸಿಲಿಂಡರ್, ಮನೆಬಳಕೆಯದಲ್ಲ. ಬಯಲಿನಲ್ಲಿ ಧ್ವನಿವರ್ಧಕಕ್ಕೆ ರಾತ್ರಿ 10 ಗಂಟೆಯೇ ಗಡುವು. ಚಳಿಗಾಲದಲ್ಲಿ ಅತಿಥಿಗಳು ಅದಕ್ಕೂ ಮುಂಚೆಯೇ ಹೊರಡುವುದರಿಂದ ಎಂಟು ಗಂಟೆಗೆ ಮೊದಲ ಪಂಕ್ತಿ ಕೂರಿಸಿದರೆ ತೊಂದರೆಯಿಲ್ಲ.